ಪುಡಿಕೆ ಕಟ್ಟಿದ ಕಾಗದ

ಅತನೂರಿನಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಹೆಸರು ದೌಲತರಾಯ. ಊರವರು ಸಾವಕಾರ್ರೆ ಅನ್ನುತ್ತಾರೆ. ಅಂಗಡಿ ನೋಡಿದವರಿಗೆ ಗೊತ್ತು, ಅದು ಅವರ ಬಾಯಿಯ ದೊಡ್ಡತನವೇ ಹೊರತು ನನ್ನ ಅಂಗಡಿಯದಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳುವ ಸಂಗತಿಯಲ್ಲಿ ಸಿಟ್ಟಿನದೂ ಒಂದು ಪಾಲಿದೆ, ಸಿಟ್ಟಿಗಿಂತ ಕೆಟ್ಟದ್ದರದೂ ಒಂದು ಪಾಲಿದೆ.

ಎಂಬತ್ಮೂರನೆಯ ಇಸವಿಯ ಬೇಸಿಗೆ. ಯುಗಾದಿ ಮುಗಿದು ಎಂಟು ದಿನವಾಗಿತ್ತು. ನಿಂಬೆವ್ವ ಅಂಗಡಿಗೆ ಬಂದಳು. ಕುರಿ ಕಾಯುವ ಅಮೋಘಸಿದ್ದನ ಹೆಂಡತಿ ಈಕೆ. ಗಂಡ ವರ್ಷದ ಏಳೆಂಟು ತಿಂಗಳು ಹಿಂಡಿನ ಹಿಂದೆ ಊರೂರು ತಿರುಗುವವನು, ಈಕೆ ಇಲ್ಲಿ ಕೂಲಿನಾಲಿ ಮಾಡಿ ಎರಡು ಮಕ್ಕಳನ್ನು ಸಾಕುವವಳು. ಸಕ್ಕರೆ ಕೇಳಿದಳು. ನಾನು ರದ್ದಿಯಿಂದ ಒಂದು ಹಾಳೆ ಎಳೆದು ಸುರುಳಿ ಸುತ್ತಿದೆ.

"ಆ ಪೇಪರ ಬ್ಯಾಡ್ರಿ ಸಾವಕಾರ್ರೆ," ಅಂದಳು. "ಕನ್ನಡ ಪೇಪರಿನ್ಯಾಗ ಪುಡಿಕಿ ಕಟ್ರಿ."

"ಯಾಕ, ಕನ್ನಡದಾಗ ಕಟ್ಟಿದ್ರ ಸಕ್ಕರಿ ಹೆಚ್ಚು ಸಿಹಿ ಆಗ್ತದೇನ್ ಬೇ?"

"ತಿನ್ನಾಕಲ್ರಿ. ಓದಾಕ."

ನಮ್ಮ ಅಂಗಡಿಯ ರದ್ದಿ ಎರಡು ಕಡೆಯಿಂದ ಬರುತ್ತಿತ್ತು. ಸೊಲ್ಲಾಪುರದ್ದು ಮರಾಠಿ, ಕಲಬುರ್ಗಿಯದು ಕನ್ನಡ, ನಡುನಡುವೆ ಉರ್ದು. ಒಂದು ಅಕ್ಷರವೂ ಬಾರದ ನಿಂಬೆವ್ವ ಇವನ್ನು ಹೇಗೆ ಬೇರೆ ಮಾಡುತ್ತಾಳೆ ಅಂತ ಕೇಳಿದೆ. ತಲೆಯ ಮೇಲೆ ಗೆರೆ ಇದ್ದದ್ದು ಮರಾಠಿ, ಇರುವೆ ಹರಿದಂತೆ ಇದ್ದದ್ದು ಉರ್ದು, ದುಂಡಗೆ ಇದ್ದದ್ದು ನಮ್ಮದು ಅಂದಳು. ಅವಳ ಲೆಕ್ಕ ತಪ್ಪಾಗಿರಲಿಲ್ಲ. ನಾನೂ ಹಾಗೆಯೇ ಬೇರೆ ಮಾಡುತ್ತಿದ್ದೆ.

ಅವಳ ಮಗಳು ಕಾಶಿಬಾಯಿ, ಹತ್ತು ವರ್ಷದ ಹುಡುಗಿ. ಒಂದನೇತ್ತಾ, ಅಂದರೆ ಒಂದನೆಯ ತರಗತಿ, ಓದಿದ ಮೇಲೆ ಸಾಲೆ ಬಿಡಿಸಿದ್ದರು. ತಮ್ಮ ಸೈದಪ್ಪನನ್ನು ಎತ್ತಿಕೊಂಡು ಮನೆಯಲ್ಲಿರುವವರು ಬೇಕಿತ್ತಲ್ಲ. ಈಗ ಸೈದಪ್ಪನಿಗೆ ಆರು ತುಂಬಿ, ಜೂನಿನಲ್ಲಿ ಅವನೂ ಸಾಲೆಗೆ ಹೊರಟಿದ್ದ. ನಿಂಬೆವ್ವ ಮಗಳನ್ನೂ ಕರೆದುಕೊಂಡು ದತ್ತಪ್ಪ ಮಾಸ್ತರರ ಹತ್ತಿರ ಹೋಗಿದ್ದಳು. ಮಾಸ್ತರರು ರಜೆಗೆ ತಮ್ಮೂರು ಯಡ್ರಾಮಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಜೂನಿನಲ್ಲಿ ಬಂದಾಗ ಹುಡುಗಿ ಒಂದು ಹಾಳೆ ಓದಿ ತೋರಿಸಿದರೆ ಮೇಲಿನ ತರಗತಿಗೆ ಹಾಕುತ್ತೇನೆ, ಇಲ್ಲದಿದ್ದರೆ ತಮ್ಮನ ಜೊತೆ ಒಂದನೇತ್ತಾದಲ್ಲಿ ಕೂಡಬೇಕು ಎಂದು ಹೇಳಿ ಬಸ್ಸು ಹತ್ತಿದರು.

"ತಮ್ಮನ ಬಾಜೂಕ ಕೂಡಂಗಿಲ್ಲ ಅಂತಾಳ್ರಿ," ಅಂದಳು ನಿಂಬೆವ್ವ. "ಅವರಪ್ಪ ಏನಂತಾನ, ಹಂಗ ಸಣ್ಣ ಹುಡುಗರ ನಡುವ ಕೂಡೂದಿದ್ರ ಕುರಿ ಹಿಂದ ಕಳಸು, ಒಂದು ಕೈ ಆಗ್ತದ ಅಂತಾನ. ಮ್ಯಾಲಿನ ಕ್ಲಾಸಿಗಿ ಹಾಕಿದ್ರ ಮಾತ್ರ ಸಾಲಿ, ಇಲ್ಲಂದ್ರ ಕುರಿ. ಪುಸ್ತಕ ಎಲ್ಲಿಂದ ತರ್ಲಿ? ನಿಮ್ಮ ಪುಡಿಕಿ ಹೆಂಗೂ ಪುಕ್ಕಟೆ ಬರ್ತಾವ."

ಅಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಸಕ್ಕರೆ ತೆಗೆದುಕೊಂಡು ಹೊರಟವಳು ತಿರುಗಿ ನಿಂತಳು. "ಆಕಿ ಓದೂದು ಬರೋಬರಿ ಅದೋ ಇಲ್ಲೋ ನನಗ ಹೆಂಗ ತಿಳೀಬೇಕ್ರಿ? ಊರಾಗ ನಿಮ್ಮಂಗ ಓದಿದವರು ಯಾರದಾರ. ದಿನಾ ಸಂಜಿಕಿ ಕಳಸ್ತೇನಿ. ಒಂದೀಟು ಕೇಳ್ರಿ."

ನಾನು ಹೂಂ ಅಂದುಬಿಟ್ಟೆ.

ನಾನು ಓದಿದವನು ನಿಜ. ಆದರೆ ಓದಿದ್ದು ನಿಜಾಮರ ಕಾಲದಲ್ಲಿ, ಓದಿದ್ದು ಉರ್ದು. ಆಗ ಸಾಲೆ ಅಂದರೆ ಉರ್ದು, ಕಚೇರಿ ಅಂದರೆ ಉರ್ದು. ಅಲಿಫ್, ಬೇ ಅಂತ ಶುರುಮಾಡಿ ಏಳನೆಯ ತರಗತಿಯವರೆಗೆ ಹೋದೆ. ಹೊಲದ ಹಳೇ ಉರ್ದು ಕಾಗದ ಓದಿಸಲು ಇವತ್ತಿಗೂ ಜನ ನನ್ನ ಕಡೆಗೇ ಬರುತ್ತಾರೆ. ಮುಂದೆ ರಾಜ್ಯ ಬದಲಾಯಿತು, ಸಾಲೆಗೆ ಕನ್ನಡ ಬಂತು. ಅಷ್ಟು ಹೊತ್ತಿಗೆ ನಾನು ತಕ್ಕಡಿ ಹಿಡಿದು ಕೂತಾಗಿತ್ತು. ಮಾತಾಡುವುದು ಕನ್ನಡ, ಬೈಯುವುದು ಕನ್ನಡ, ವಚನ ಹೇಳುವುದು ಕನ್ನಡ, ಎಲ್ಲಾ ಬಾಯಿಪಾಠ. ಅಕ್ಷರ ಮಾತ್ರ ಒಂದೂ ಗೊತ್ತಿರಲಿಲ್ಲ. ಕಲಿಯಬೇಕು ಅನ್ನುವ ವಯಸ್ಸಿನಲ್ಲಿ ನಾಚಿಕೆ, ನಾಚಿಕೆ ಬಿಡುವ ವಯಸ್ಸಿನಲ್ಲಿ ದೊಡ್ಡಸ್ತಿಕೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ನಾನು ಓದಿದವನಾಗಿಯೇ ಉಳಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮೂವತ್ತು ವರ್ಷ ಕಳೆದಿತ್ತು.

ಮರುದಿನ ಸಂಜೆ ಕಾಶಿ ಬಂದಳು. ಎಣ್ಣೆ ಕಾಣದ ಕೂದಲು, ಮೊಣಕಾಲಿನವರೆಗಿನ ಲಂಗ, ಕೈಯಲ್ಲಿ ಅರಿಶಿನದ ಕಲೆ ಬಿದ್ದ ಒಂದು ಕಾಗದ.

"ಮುತ್ಯಾ, ಓದ್ಲೇನು?" ಅಂದಳು.

ನನಗಿನ್ನೂ ಐವತ್ತೆರಡು, ಮೀಸೆ ಅರ್ಧ ಕಪ್ಪಿತ್ತು. ಮುತ್ಯಾ ಅನ್ನಿಸಿಕೊಂಡ ಸಿಟ್ಟನ್ನು ನುಂಗಿಕೊಂಡು ಚಸ್ಮಾ ಏರಿಸಿ ಅವಳ ಪಕ್ಕ ಕಾಗದ ಹಿಡಿದು ಕೂತೆ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಒಂದನೇತ್ತಾದಲ್ಲಿ ಕಲಿತದ್ದು ಅರ್ಧ ಮರೆತಿತ್ತು. ಎಡವಿದಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು ತಲೆ ಅಲ್ಲಾಡಿಸಿ "ಬರೋಬರಿ" ಅನ್ನುತ್ತಿದ್ದೆ. ಮುಂದೆ ಹೋಗುತ್ತಿದ್ದಳು. ನಾಕು ದಿನ ಹೀಗೆ ನಡೆಯಿತು. ನಾನು ಬೇಡ ಅನ್ನುವುದೇ ಇಲ್ಲ ಅಂತ ಅವಳಿಗೆ ಅಭ್ಯಾಸವಾಯಿತು. ಓದು ಜೋರಾಯಿತು. ಎಂಟು ದಿನಕ್ಕೆ ಸರಸರ ಓದತೊಡಗಿದಳು. ನಾನು ನಿಂಬೆವ್ವನಿಗೆ ಹೇಳಿದೆ, "ನಿನ್ನ ಮಗಳು ಭಾಳ ಹುಷಾರದಾಳ ಬೇ." ನಿಂಬೆವ್ವ ಆ ದಿನ ಪುಟಾಣಿ ಕೊಳ್ಳುವಾಗ ಎರಡು ಪುಡಿಕೆ ಮಾಡಿಸಿದಳು. ಒಂದೇ ಪುಡಿಕೆಯ ಪುಟಾಣಿ, ಕಾಗದ ಮಾತ್ರ ಎರಡು.

ಅಂಗಡಿಗೆ ಹೊಂದಿಕೊಂಡ ಪಡಸಾಲೆಯಲ್ಲಿ ಪೀರಬಿ ಹೊಲಿಗೆ ಮಿಷಿನ್ ಇಟ್ಟುಕೊಂಡಿದ್ದಳು. ಊರಿನ ಹೆಂಗಸರ ಕುಪ್ಪಸವೆಲ್ಲ ಅವಳದೇ ಕೈಯಲ್ಲಿ. ಕಾಶಿ ಓದುವಾಗ ಅವಳ ಮಿಷಿನ್ನು ಒಮ್ಮೊಮ್ಮೆ ನಿಲ್ಲುತ್ತಿತ್ತು. ದಾರ ಕಡಿದಿರಬೇಕು ಅಂದುಕೊಳ್ಳುತ್ತಿದ್ದೆ.

ಬಸವ ಜಯಂತಿಗೆ ಮೂರು ದಿನ ಇರುವಾಗ ಕಾಶಿ ಒಂದು ದೊಡ್ಡ ಹಾಳೆ ತಂದಳು. ಅದರಲ್ಲೊಂದು ಬಸ್ಸಿನ ಚಿತ್ರ. ಬೆರಳಿಟ್ಟು ಓದಿದಳು. "ಆಳಂದಕ್ಕ ಹೊಸಾ ಬಸ್ಸು ಬಿಡ್ತಾರ. ಅತನೂರ ಮ್ಯಾಲ ಹಾದು ಹೋಗ್ತದ. ಬಸವ ಜಯಂತಿ ಮರುದಿನ ಮುಂಜಾನೆ ಎಂಟಕ್ಕ ಬರ್ತದ." ನನ್ನ ಮುಖ ನೋಡಿದಳು.

"ಬರೋಬರಿ," ಅಂದೆ.

ಇಂಥ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುವವನು ಅಂಗಡಿಕಾರ ಆಗುವುದಿಲ್ಲ. ನಮ್ಮೂರಿಂದ ಆಳಂದಕ್ಕೆ ಹೋಗಬೇಕೆಂದರೆ ಕಲಬುರ್ಗಿಗೆ ಹೋಗಿ ಬಸ್ಸು ಬದಲಿಸಬೇಕು, ಅಲ್ಲಿ ಅರ್ಧ ದಿನ ಸವೆಯಬೇಕು. ಬಂದವರಿಗೆಲ್ಲ ಹೇಳಿದೆ. ಪೇಪರಿನಲ್ಲಿ ಬಂದಿದೆ, ನಾನೇ ನೋಡಿದ್ದೇನೆ ಅಂದೆ. ಎಲ್ಲರಿಗಿಂತ ಹೆಚ್ಚು ಖುಷಿಯಾದವಳು ನನ್ನ ಹೆಂಡತಿ ಸುಭದ್ರಾಬಾಯಿ. ಅವಳ ತವರು ಆಳಂದದ ಕಡೆಯ ಸರಸಂಬಾ. ಬಸ್ಸು ಬದಲಿಸುವ ತಾಪತ್ರಯಕ್ಕೆ ಹೆದರಿ ಎರಡು ವರ್ಷವಾಗಿತ್ತು ತಾಯಿಯ ಮುಖ ನೋಡಿರಲಿಲ್ಲ.

ಬಸವ ಜಯಂತಿಯ ಮರುದಿನ ಬೇವಿನ ಗಿಡದ ಕೆಳಗೆ ಹನ್ನೆರಡು ಮಂದಿ ನಿಂತಿದ್ದರು. ಹೆಣ್ಣು ನೋಡಲು ಹೊರಟವರು ಮೂವರು, ತಲೆಗೆ ಹೊಸ ಪಟಗಾ ಸುತ್ತಿಕೊಂಡು. ಸುಭದ್ರಾಬಾಯಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಎಂಟು ಹೊಡೆಯಿತು, ಹತ್ತು ಹೊಡೆಯಿತು. ಹನ್ನೊಂದರ ಅಫಜಲಪುರ ಬಸ್ಸು ಬಂದಾಗ ಕಂಡಕ್ಟರನನ್ನು ಕೇಳಿದರು. ಅವನು ನಕ್ಕ ರೀತಿಯನ್ನು ಊರು ಒಂದು ತಿಂಗಳು ಆಡಿಕೊಂಡಿತು.

ಎಲ್ಲರೂ ನೇರವಾಗಿ ಅಂಗಡಿಗೆ ಬಂದರು. ಎಲ್ಲಿದೆ ಆ ಪೇಪರು ಅಂದರು. ಪೇಪರು ಪೀರಬಿಯ ಹತ್ತಿರವಿತ್ತು. ಕುಪ್ಪಸದ ಅಳತೆ ಕತ್ತರಿಸಲು ದೊಡ್ಡ ಹಾಳೆ ಬೇಕು ಅಂತ ತೆಗೆದಿಟ್ಟುಕೊಂಡಿದ್ದಳು. ಓದಿ ತೋರಿಸಿರಿ ಅಂದರು ನನಗೆ. ಪೀರಬಿ ಒಮ್ಮೆ ನನ್ನ ಕಡೆ ನೋಡಿ, ಮೆಲ್ಲಗೆ ತಾನೇ ಓದಿದಳು.

"ಇದು ಬಸ್ಸಿನ ಸುದ್ದಿ ಅಲ್ರಿ. ಟಾಯರ್ ಮಾರೂ ಜಾಹೀರಾತು ಅದ."

ಹಾಳಾದ ಹೊತ್ತು ಅಂದರೆ ಅದು. ಆಗಲೇ ಕಾಶಿ ಉಪ್ಪು ಒಯ್ಯಲು ಬಂದು ಜನರ ನಡುವೆ ನಿಂತಿದ್ದಳು. ಹನ್ನೆರಡು ಮಂದಿಯ ಕಣ್ಣು ನನ್ನ ಮೇಲೆ. ಹೆಂಡತಿಯ ಗಂಟು ಇನ್ನೂ ಅವಳ ಕಂಕುಳಲ್ಲೇ ಇತ್ತು. ನಾನು ಕೈ ಎತ್ತಿ ಆ ಮಗುವನ್ನು ತೋರಿಸಿದೆ.

"ಈ ಹುಡುಗಿ ಸುಳ್ಳ ಸುಳ್ಳ ಓದಿ ನನಗ ಮಳ್ಳ ಮಾಡ್ಯಾಳ. ನಾ ಏನ್ ಮಾಡ್ಲಿ, ಅವತ್ತು ಚಸ್ಮಾ ಮನ್ಯಾಗ ಬಿಟ್ಟು ಬಂದಿದ್ದೆ."

ಕಾಶಿ ನನ್ನ ಮೂಗಿನ ಮೇಲಿನ ಚಸ್ಮಾ ನೋಡಿದಳು. ಅವತ್ತೂ ಅದು ಅಲ್ಲೇ ಇತ್ತು, ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಉಪ್ಪು ತೆಗೆದುಕೊಳ್ಳದೆ ಹೋದಳು. ಪಟಗಾದವನೊಬ್ಬ ಹಿಂದಿನಿಂದ, "ಬಸ್ಸಿನ ಹುಡುಗಿ, ಸಾವಕಾಶ ಹೋಗು, ಬಸ್ಸು ಹಾಯ್ದೀತು," ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆ ಯಾವುದನ್ನಾದರೂ ಮರೆತೇನು, ಆ ನಗುವನ್ನು ಮರೆತಿಲ್ಲ.

ಜನ ಚೆದುರಿದ ಮೇಲೆ ಪೀರಬಿ ಮಿಷಿನ್ ಬಿಟ್ಟು ಎದ್ದು ಬಂದಳು. ನಮ್ಮ ಅಂಗಳದಲ್ಲೇ ಆಡಿ ಬೆಳೆದವಳು. ನನಗೆ ಕಾಕಾ ಅನ್ನುತ್ತಾಳೆ.

"ಕಾಕಾ, ಒಂದು ಮಾತ ಕೇಳ್ಲೇನು? ಸಿಟ್ಟಾಗಬ್ಯಾಡ್ರಿ."

"ಕೇಳು."

"ಆ ಹುಡುಗಿ ಓದುವಾಗ ನಿಮ್ಮ ಕಣ್ಣು ಬಲದಿಂದ ಎಡಕ್ಕ ಓಡ್ತಾವ. ನಾ ಹದಿನೈದು ದಿನದಿಂದ ನೋಡಾಕತ್ತೇನಿ. ಕನ್ನಡ ಹಂಗ ಓದಂಗಿಲ್ರಿ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಕ್ಕಡಿಯ ಕಲ್ಲನ್ನು ಕೈಯಲ್ಲಿ ತಿರುಗಿಸುತ್ತ ಕೂತೆ. ಪೀರಬಿ ನಾಲ್ಕನೇತ್ತಾದವರೆಗೆ ಈ ಊರ ಕನ್ನಡ ಸಾಲೆಯಲ್ಲೇ ಓದಿದವಳು. ಅದು ನನಗೆ ಗೊತ್ತಿತ್ತು, ತಲೆಯೊಳಗೆ ಮಾತ್ರ ಹೊಕ್ಕಿರಲಿಲ್ಲ. ಉರ್ದು ಅವಳಿಗೆ ಬರುತ್ತದೆ, ಕನ್ನಡ ನನಗೆ ಬರುತ್ತದೆ ಅಂತ ಊರೆಲ್ಲ ತಿಳಿದಿತ್ತು. ಇದ್ದದ್ದು ಪೂರಾ ಉಲ್ಟಾ.

"ಗೊತ್ತಿದ್ರ ಮದಲೇ ಯಾಕ ಹೇಳ್ಲಿಲ್ಲ?" ಅಂದೆ.

"ದೊಡ್ಡವರಿಗಿ ಹೆಂಗ ಹೇಳ್ಲಿರಿ. ನಿಮ್ಮ ಮಾನ ಹೋಗ್ತದಂತ ಸುಮ್ಮನಿದ್ದೆ. ಈಗ ಆ ಕೂಸಿನ ಮಾನ ಹೋತು."

ಎರಡು ದಿನ ಕಾಶಿ ಬರಲಿಲ್ಲ. ಮೂರನೆಯ ದಿನ ನಿಂಬೆವ್ವ ಬಂದಳು. ಚಹಾಪುಡಿ ಕೇಳಿದಳು. ನಾನಾಗಿಯೇ ಕನ್ನಡದ ಹಾಳೆ ಹುಡುಕತೊಡಗಿದೆ.

"ಯಾವ ಪೇಪರಾದ್ರೂ ನಡೀತದ ಬಿಡ್ರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವರಪ್ಪ ಬರೂ ಶುಕ್ರವಾರ ಬರ್ತಾನ. ಆಕಿನ ಹಿಂಡಿನ ಜೋಡಿ ಕಳಸ್ತೇನಿ. ಸುಳ್ಳಿ ಅನ್ನಿಸಿಕೊಂಡು ಸಾಲಿಗಿ ಹೆಂಗ ಹೋಗ್ತಾಳ್ರಿ."

ಬೈದಿದ್ದರೆ ನಾನೂ ನಾಕು ಮಾತು ಬೈದು ಹಗುರಾಗುತ್ತಿದ್ದೆ. ಅವಳು ಮರಾಠಿ ಕಾಗದದಲ್ಲಿ ಚಹಾಪುಡಿ ಕಟ್ಟಿಸಿಕೊಂಡು ಹೋದಳು. ಆ ಮಧ್ಯಾಹ್ನವೇ ಅಂಗಡಿಯ ಹಲಗೆ ಹಾಕಿ, ಟವೆಲ್ಲು ತಲೆಗೆ ಹಾಕಿಕೊಂಡು ಕುರುಬರ ಓಣಿಗೆ ಹೋದೆ.

ನಿಂಬೆವ್ವನ ಮನೆ ಒಂದೇ ಕೋಣೆ. ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ನೆಲದಿಂದ ಕೈ ಎಟಕುವವರೆಗೆ ಗೋಡೆ ತುಂಬ ಕಾಗದ. ನನ್ನ ಅಂಗಡಿಯ ಪುಡಿಕೆಗಳು. ಒಂದೊಂದನ್ನೂ ಬಿಚ್ಚಿ, ಸುಕ್ಕು ತೀಡಿ, ಜೋಳದ ಹಿಟ್ಟಿನ ಅಂಬಲಿ ಸವರಿ ಹಚ್ಚಿದ್ದಳು. ಬೆಲ್ಲದ ಕಾಗದಕ್ಕೆ ಇರುವೆ ಮುತ್ತಿತ್ತು. ಎಣ್ಣೆ ಹೀರಿದ ಕಾಗದದಲ್ಲಿ ಅಕ್ಷರ ಇನ್ನೂ ಕಪ್ಪಗೆ ಕಾಣುತ್ತಿತ್ತು. ಒಲೆಯ ಹತ್ತಿರ ಕೂತು ರೊಟ್ಟಿ ಬಡಿಯುವಾಗ ಕಣ್ಣಿಗೆ ಬೀಳುವಂಥ ಎತ್ತರದಲ್ಲಿ ದೊಡ್ಡ ಅಕ್ಷರದವು. ಚಿತ್ರ ಇದ್ದವೆಲ್ಲ ನೆಟ್ಟಗಿದ್ದವು, ಮನುಷ್ಯರ ತಲೆ ಮೇಲೆ ಬರುವಂತೆ. ಚಿತ್ರ ಇಲ್ಲದವುಗಳಲ್ಲಿ ಕೆಲವು ತಲೆಕೆಳಗಾಗಿದ್ದವು. ತಲೆಕೆಳಗು ಅನ್ನುವುದನ್ನು ನನಗೆ ಆಮೇಲೆ ಪೀರಬಿ ಬಂದು ಹೇಳಿದ್ದು. ಆಗ ನನಗೂ ತಿಳಿಯಲಿಲ್ಲ.

ಕಾಶಿ ಮೂಲೆಯಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು. ನಿಂಬೆವ್ವ ಕಂಬಳಿ ಹಾಸಿದಳು. ನಾನು ಕೂಡಲಿಲ್ಲ, ಕೂತರೆ ಹೇಳಲಾಗುವುದಿಲ್ಲ ಅನ್ನಿಸಿತು.

"ನಿಂಬೆವ್ವ, ನನಗ ಕನ್ನಡ ಓದಾಕ ಬರಂಗಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. "ನಿಮಗ?" ಅಂದಳು.

"ಉರ್ದು ಬರ್ತದ. ಕನ್ನಡ ಒಂದು ಅಕ್ಷರ ಬರಂಗಿಲ್ಲ. ಈ ಹುಡುಗಿ ತಪ್ಪು ಓದಿದ್ರೂ ತಲಿ ಅಲ್ಲಾಡಿಸ್ದೆ, ಬರೋಬರಿ ಓದಿದ್ರೂ ಅಲ್ಲಾಡಿಸ್ದೆ. ಸುಳ್ಳ ನಂದು. ಚಸ್ಮಾದ್ದೂ ಸುಳ್ಳ."

ನಿಂಬೆವ್ವ ಮಗಳ ಕಡೆ ತಿರುಗಿದಳು. ಕಾಶಿ ಉಣ್ಣೆ ಕೈಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಆ ಬಸ್ಸಿಂದು ಹೆಂಗ ಓದಿದೆವ್ವಾ?"

"ಚಿತ್ರ ನೋಡಿದೆ. ಅಕ್ಷರ ನೋಡಿದೆ. ಮನಸಿನ್ಯಾಗ ಬಂದದ್ದು ಅಂದೆ." ತಡೆದು ಹೇಳಿದಳು, "ಮುತ್ಯಾ ಬರೋಬರಿ ಅಂದ್ರಿ. ಓದೂದು ಅಂದ್ರ ಹಂಗೇ ಇರ್ತದಂತ ತಿಳದೆ."

"ಆಳಂದದ ಬಸ್ಸೇ ಯಾಕ ಮನಸಿನ್ಯಾಗ ಬಂತು?"

ಉತ್ತರ ಕೊಟ್ಟವಳು ನಿಂಬೆವ್ವ. "ಅವರಪ್ಪ ಈ ಸಲ ಆಳಂದದ ಕಡೀಗಿ ಹಿಂಡು ಹೊಡಕೊಂಡು ಹೋಗ್ಯಾನ್ರಿ."

ನನ್ನ ಕಣ್ಣು ತುಂಬಿತು. ವಯಸ್ಸಾದವರಿಗೆ ಹೊಗೆಯ ನೆಪ ಇದ್ದೇ ಇರುತ್ತದೆ, ಒಲೆಯೂ ಉರಿಯುತ್ತಿತ್ತು. ಟವೆಲ್ಲಿನಿಂದ ಒರೆಸಿಕೊಂಡೆ. ನಿಂಬೆವ್ವ ಕೇಳಿದ್ದು ಒಂದೇ ಮಾತು.

"ಹಂಗಾದ್ರ ಈಗ ಯಾರಿಗಿ ಕೇಳೂದ್ರಿ?"

ಕೇಳಬೇಕಾದವಳು ನನ್ನ ಪಡಸಾಲೆಯಲ್ಲೇ ಇದ್ದಳು. ಶುಕ್ರವಾರ ಅಮೋಘಸಿದ್ದ ಬಂದಾಗ ನಾನೇ ಹೋಗಿ ಮಾಸ್ತರರು ಬರುವವರೆಗೆ ಹುಡುಗಿಯನ್ನು ಬಿಡು ಎಂದು ಕೇಳಿಕೊಂಡೆ. ಅವನು ಬಹಳ ಯೋಚಿಸಿ, "ಅಲ್ಲೀತನಕ ಅಷ್ಟೇರಿ," ಅಂದ. ಸಿಕ್ಕಿದ್ದು ಎರಡು ವಾರ ಚಿಲ್ಲರೆ.

ಸಂಜೆ ನಾಲ್ಕಕ್ಕೆ ಕಾಶಿ ಬರುತ್ತಿದ್ದಳು. ಪೀರಬಿ ಹೊಲಿಯುತ್ತಲೇ ಕಲಿಸುತ್ತಿದ್ದಳು. ಗುಂಡಿಗೆ ಕಾಜು ಮಾಡುವ ಸೂಜಿಯಿಂದ ಅಕ್ಷರ ತೋರಿಸುತ್ತಿದ್ದಳು, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ನೆಲದ ಮೇಲೆ ಬರೆಸುತ್ತಿದ್ದಳು. ಕಾಶಿಯ ಪಕ್ಕದಲ್ಲಿ ನಾನೂ ಕೂತೆ. ಯಾರಾದರೂ ಬಂದರೆ ಹುಡುಗಿಗೆ ಕಲಿಸುತ್ತಿದ್ದೇನೆ ಅನ್ನುವಂತೆ ಮುಖ ಮಾಡುತ್ತಿದ್ದೆ. ಹುಣಸೆಹಣ್ಣು ತಿಂದವಳಂತೆ ಮುಖ ಹಿಂಡಿ ನಗು ತಡೆಯುತ್ತಿದ್ದಳು ಕಾಶಿ. ಊರವರಿಗೆ ಮಾತ್ರ ಇನ್ನೂ ಏನೂ ಗೊತ್ತಿರಲಿಲ್ಲ. ಅವರ ಪಾಲಿಗೆ ಅವಳು ಬಸ್ಸಿನ ಹುಡುಗಿಯೇ. ಹೇಳಬೇಕು ಅಂತ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ, ಹಲಗೆ ತೆಗೆಯುವ ಹೊತ್ತಿಗೆ ಧೈರ್ಯ ಆರಿರುತ್ತಿತ್ತು.

ಪೀರಬಿ ಒಂದು ಕಟ್ಟಳೆ ಹಾಕಿದ್ದಳು. ಬಾರದಿದ್ದರೆ ಬಾರದು ಅನ್ನಬೇಕು. ಊಹೆ ಮಾಡಿ ಹೇಳಿದರೆ, ಸರಿಯಾಗಿದ್ದರೂ, ಮೊದಲಿಂದ ಓದಬೇಕು. ಕಾಶಿ ಬೇಗ ಕಲಿತಳು. ಎಂಟು ದಿನದಲ್ಲಿ ಮರೆತದ್ದೆಲ್ಲ ಮರಳಿ ಬಂತು. ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಬೆಂಕಿಪೊಟ್ಟಣ, ಬೀಜದ ಚೀಲ, ಗೊಬ್ಬರದ ಚೀಲ, ಬಸ್ಸಿನ ಹಣೆಯ ಬೋರ್ಡು, ಪಂಚಾಯ್ತಿ ಗೋಡೆಯ ಮೇಲೆ ಸರಕಾರದವರು ಬರೆಸಿದ್ದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿದಳು. ರಾತ್ರಿ ಮನೆಯ ಗೋಡೆಯ ಹಾಳೆಗಳನ್ನೂ ಅವ್ವನಿಗೆ ಬೆರಳಿಟ್ಟು ತೋರಿಸಿ ಓದುತ್ತಿದ್ದಳಂತೆ. ದುಡ್ಡಿಲ್ಲದೆ ಓದಲು ಊರಲ್ಲಿ ಇಷ್ಟೊಂದು ಇದೆ ಅಂತ ನನಗೆ ಐವತ್ತೆರಡು ವರ್ಷ ಗೊತ್ತಾಗಿರಲಿಲ್ಲ. ನಾನು ಅವಳ ಹಿಂದೆ ಕುಂಟುತ್ತ ಹೋದೆ. ನನ್ನ ಬೆರಳು ಹಾಳೆಯ ಬಲ ಅಂಚಿಗೇ ಹೋಗಿ ಕೂಡುತ್ತಿತ್ತು. ಕಾಶಿ ಅದನ್ನು ಹಿಡಿದು ಎಡಕ್ಕೆ ತಂದು ಇಡುತ್ತಿದ್ದಳು.

ಸುಭದ್ರಾಬಾಯಿ ಒಂದು ದಿನ ಚಹಾ ತಂದವಳು ನನ್ನ ಸೀಮೆಸುಣ್ಣದ ಕೈ ನೋಡಿದಳು. ನಾನು ಏನೋ ಹೇಳಹೋದೆ. "ಮೂವತ್ತು ವರ್ಷ ಆತು ನಿಮ್ಮ ಜೋಡಿ ಬಾಳೇವ ಮಾಡಾಕತ್ತು. ನನಗ ಗೊತ್ತಿಲ್ಲೇನ್ರಿ," ಅಂದಳು. "ತವರಮನಿ ಕಾಗದ ಬಂದಾಗೊಮ್ಮೆ ಚಸ್ಮಾ ಕಳೀತಿತ್ತು." ಚಹಾ ಇಟ್ಟು ಹೋದಳು.

ಜೂನ್ ಮೊದಲ ವಾರ ಮಾಸ್ತರರು ಬಂದರು. ಹಿಂದಿನ ದಿನ ಒಂದು ದೊಡ್ಡ ಮಳೆಯಾಗಿತ್ತು, ಸಾಲೆಯ ಅಂಗಳವೆಲ್ಲ ಎರೆಮಣ್ಣಿನ ಕೆಸರು. ಮಕ್ಕಳ ಹೆಸರು ಹಚ್ಚಿಸಲು ಬಂದವರು ಕಟ್ಟೆಯ ತುಂಬ ಇದ್ದರು. ಹೆಣ್ಣು ನೋಡಲು ಹೋಗಬೇಕಿದ್ದ ಆ ಪಟಗಾದವನೂ ಇದ್ದ. ನಿಂಬೆವ್ವ ಸೈದಪ್ಪನ ಕೈ ಹಿಡಿದು ಬಾಗಿಲ ಹೊರಗೆ ನಿಂತಳು. ಅಮೋಘಸಿದ್ದ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಗಿಡದ ಕೆಳಗೆ ಕೂತಿದ್ದ. ಅವನ ಹಿಂಡು ಊರ ಹೊರಗೆ ಕಾಯುತ್ತಿತ್ತು. ಮಗಳು ಸಾಲೆಗೋ ಹಿಂಡಿಗೋ ಅನ್ನುವುದು ತಿಳಿದ ಮೇಲೆ ಹೊರಡುವವನು. ಕಾಶಿಗಾಗಿ ನಾನೂ ಹೋಗಿದ್ದೆ. ಓದಿದವರು ಅಂತ ಮಾಸ್ತರರು ನನಗೊಂದು ಕುರ್ಚಿ ಹಾಕಿಸಿದರು.

"ಈಕಿನೇ ಏನು ಬಸ್ಸು ತರಿಸಿದಾಕಿ?" ಅಂದರು ಮಾಸ್ತರರು. ಊರಿಗೆ ಕಾಲಿಟ್ಟ ಅರ್ಧ ತಾಸಿನಲ್ಲಿ ಅವರ ಕಿವಿಗೂ ಬಿದ್ದಿತ್ತು. ಕಟ್ಟೆಯ ಮೇಲೆ ನಗು. ನಾಲ್ಕನೇತ್ತಾದ ಪುಸ್ತಕ ತೆಗೆದು ನಡುವಿನ ಒಂದು ಹಾಳೆ ಬಿಚ್ಚಿ ಕೊಟ್ಟರು.

ಕಾಶಿ ಓದಿದಳು. ಸರಸರ ಅಲ್ಲ, ನಿಧಾನಕ್ಕೆ, ಬೆರಳಿಟ್ಟು, ಒಂದೊಂದು ಪದಕ್ಕೂ ಕಾಲೂರಿ. ಐದು ಸಾಲು ಓದಿದಳು. ಆರನೆಯ ಸಾಲಿನಲ್ಲಿ ಉದ್ದನೆಯ ಒಂದು ಪದ ಬಂತು, ಒಂದು ಅಕ್ಷರದ ಕೆಳಗೆ ಎರಡೆರಡು ಒತ್ತು. ಬೆರಳು ನಿಂತಿತು. ಹಳೇ ಅಭ್ಯಾಸದಂತೆ ತಲೆ ಎತ್ತಿ ನನ್ನ ಮುಖ ನೋಡಿದಳು.

"ಯಾಕ, ಬಾಯಿಪಾಠ ಇಲ್ಲೀತನಕ ಅಷ್ಟೇ ಏನು?" ಅಂದರು ಮಾಸ್ತರರು.

"ಬಸ್ಸು ಕೆಟ್ಟು ನಿಂತಿತು," ಅಂದ ಪಟಗಾದವನು.

 ಕಾಶಿ ಏನಾದರೂ ಒಂದು ಪದ ಊಹಿಸಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ, ನನ್ನನ್ನೇ ನೋಡಿದಳು. ಮಾಸ್ತರರು ನನ್ನ ಕಡೆ ತಿರುಗಿ, "ನೀವೇ ಕಲಿಸೀರಂತಲ್ರಿ ದೌಲತರಾಯರೆ. ಏನದ ಅದು, ಹೇಳಿಕೊಡ್ರಿ," ಅಂದು ಪುಸ್ತಕ ನನ್ನ ಮುಂದೆ ಹಿಡಿದರು.

ನೋಡಿದೆ. ಮೊದಲನೆಯ ಅಕ್ಷರವೇ ನನಗೆ ಹತ್ತಲಿಲ್ಲ. ಚಸ್ಮಾ ಮನೆಯಲ್ಲಿದೆ ಅನ್ನಲು ಬಾಯಿ ತಾನಾಗಿಯೇ ತೆರೆಯಿತು. ಮೂವತ್ತು ವರ್ಷದ ರೂಢಿ. ಕಾಶಿ ನನ್ನ ಮೂಗಿನ ಮೇಲಿನ ಚಸ್ಮಾವನ್ನು ನೋಡುತ್ತಿದ್ದಳು.

ಕುರ್ಚಿ ಬಿಟ್ಟು ಎದ್ದೆ.

"ನನಗ ಬರಂಗಿಲ್ರಿ ಮಾಸ್ತರ್ರೆ," ಅಂದೆ. "ಬೇಸಿಗಿ ಮದಲ ನನಗ ಒಂದು ಅಕ್ಷರನೂ ಬರ್ತಿದ್ದಿಲ್ಲ. ಆ ಬಸ್ಸಿನ ಸುಳ್ಳ ಈ ಕೂಸಿಂದಲ್ಲ, ನಂದು. ಆಕಿ ಕೇಳಿದ್ಳು, ನಾ ತಿಳೀದೆ ಬರೋಬರಿ ಅಂದೆ. ಅವತ್ತು ಚಸ್ಮಾ ನನ್ನ ಮೂಗಿನ ಮ್ಯಾಲೇ ಇತ್ತು. ಈಗ ಕಲಿಸಿದಾಕಿ ಪೀರಬಿ. ಆಕಿ ಬಾಜೂಕ ಕುಂತು ನಾನೂ ಕಲಿಯಾಕತ್ತೇನಿ."

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಹೊಲದ ಕಾಗದ ಓದಿಸಲು ನನ್ನ ಹತ್ತಿರ ಬರುವವರೆಲ್ಲ ಅಲ್ಲೇ ಇದ್ದರು, ಮುಖ ಮುಖ ನೋಡಿಕೊಂಡರು.

ಕಾಶಿ ಆಗ ಮಾಸ್ತರರ ಕಡೆ ತಿರುಗಿದಳು. "ನನಗೂ ಆ ಒಂದು ಬರಂಗಿಲ್ರಿ ಸರ್," ಅಂದಳು. "ಅದರ ಮುಂದಿಂದು ಬರ್ತದ. ಓದ್ಲೇನ್ರಿ?"

ದತ್ತಪ್ಪ ಮಾಸ್ತರರು ಇಬ್ಬರನ್ನೂ ಒಂದು ಸಲ ನೋಡಿದರು. ಬೆತ್ತದ ತುದಿಯನ್ನು ಆ ಪದದ ಕೆಳಗೆ ಇಟ್ಟು, ಬಿಡಿಸಿ ಬಿಡಿಸಿ ಓದಿದರು. "ಅನ್ರಿ ಇಬ್ರೂ," ಅಂದರು. ಹತ್ತು ವರ್ಷದ ಹುಡುಗಿ, ಐವತ್ತೆರಡರ ನಾನು, ಊರ ಮುಂದೆ ನಿಂತು ಅಂದೆವು. ಇನ್ನೊಂದು ಸಲ ಅನ್ನಿಸಿದರು. ಆಮೇಲೆ ಕಾಶಿ ಹಾಳೆಯ ಕೊನೆಯವರೆಗೆ ಓದಿದಳು.

ಮಾಸ್ತರರು ರಿಜಿಸ್ಟರಿನಲ್ಲಿ ಬರೆದರು. ನಾಲ್ಕಲ್ಲ, ಮೂರನೇತ್ತಾ. ಕಾಶಿ ಅದನ್ನು ಕೇಳಿ ಮೊದಲು ಅಂದದ್ದು, "ತಮ್ಮ ಎಷ್ಟನೇತ್ತಾ ಅದಾನ್ರಿ ಸರ್?" ಒಂದು ಅಂದರು. ಅವಳು ತಲೆ ಅಲ್ಲಾಡಿಸಿ "ಬರೋಬರಿ" ಅಂದಳು. ಆಗ ಮಾತ್ರ ಕಟ್ಟೆಯ ಮೇಲಿನವರೆಲ್ಲ ನಕ್ಕರು, ಪಟಗಾದವನೂ ನಕ್ಕ. ಗಿಡದ ಕೆಳಗಿನ ಅಮೋಘಸಿದ್ದ ಎದ್ದು ಬಂದು ಮಗಳ ತಲೆಯ ಮೇಲೆ ಕೈ ಇಟ್ಟ. ಕಂಬಳಿ ಸರಿಮಾಡಿಕೊಂಡು ಒಬ್ಬನೇ ಹಿಂಡಿನ ಕಡೆ ನಡೆದ.

ಆ ಸಂಜೆ ನಿಂಬೆವ್ವ ಬೆಲ್ಲಕ್ಕೆ ಬಂದಳು. ಮನೆಯಲ್ಲಿ ಸಿಹಿ ಮಾಡುತ್ತಾಳಂತೆ.  ನಾನು ಒಳ್ಳೆಯದೊಂದು ಕನ್ನಡ ಹಾಳೆ ಆರಿಸಿ, ದೊಡ್ಡ ಅಕ್ಷರ ಹೊರಗೆ ಬರುವಂತೆ ಬೆಲ್ಲ ಕಟ್ಟಿ, ಅವಳ ಮುಂದೆ ನೆಟ್ಟಗೆ ನಿಲ್ಲಿಸಿದೆ. ನನ್ನ ಕಡೆಯಿಂದ ಅದು ದೊಡ್ಡ ಕಾಣಿಕೆ. ಅವಳು ಪುಡಿಕೆಯನ್ನು ಎತ್ತಲಿಲ್ಲ. ಸ್ವಲ್ಪ ಹೊತ್ತು ನೋಡಿದಳು, ಸಂಕೋಚದಿಂದ ಸೆರಗು ಬಾಯಿಗೆ ಹಿಡಿದಳು.

"ಸಾವಕಾರ್ರೆ, ಅಕ್ಷರ ತೆಳಗ ಮ್ಯಾಲ ಆಗ್ಯಾವ್ರಿ."

ಚಸ್ಮಾ ಏರಿಸಿ ನೋಡಿದೆ. ಚಿತ್ರ ಒಂದೂ ಇರಲಿಲ್ಲ, ಬರೀ ಅಕ್ಷರ. ಅವಳು ಹೇಳಿದ್ದು ಸರಿಯಿತ್ತು. ಬಿಚ್ಚಿ, ಕಾಗದ ತಿರುಗಿಸಿ, ಮತ್ತೆ ಕಟ್ಟಿ ಕೊಟ್ಟೆ.